ಕೈತೋಟ ಹೇಳಿಕೊಡೋಕೆ ಕೃಷಿ ಓದಿರಬೇಕಾ?

"ಹಿತ್ತಲಲ್ಲಿ ತರಕಾರಿ ಚೆನ್ನಾಗಿ ಬರ್ತಿದೆ, ಬೀದಿಯವರಿಗೂ ಶಾಲೆ ಮಕ್ಕಳಿಗೂ ಹೇಳಿಕೊಡೋ ಆಸೆ. ಆದ್ರೆ ನಾನು ಕೃಷಿ ಓದಿಲ್ಲ, ಆಗುತ್ತಾ?" ಹಾಸನ, ಚಿಕ್ಕಮಗಳೂರಿನ ಕಡೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು.

ಖಂಡಿತ ಆಗುತ್ತದೆ. ಡಿಗ್ರಿ ಬೇಡ, ತರಬೇತಿ ಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1973ರಲ್ಲಿ ‘ಮಾಸ್ಟರ್ ಗಾರ್ಡನರ್’ ಪದ್ಧತಿ ಹುಟ್ಟಿದ್ದೇ ಹೀಗೆ. ಮನೆತೋಟದವರ ಪ್ರಶ್ನೆಗಳಿಗೆಲ್ಲ ಉತ್ತರಿಸಲು ಜನರಿಗೆ ಸಲಹೆ ಕೊಡುವ ವಿಶ್ವವಿದ್ಯಾಲಯದ ವಿಸ್ತರಣಾ ಸಿಬ್ಬಂದಿ ಸಾಲಲಿಲ್ಲ. ಆಸಕ್ತರಿಗೆ ಪಾಠ ಹೇಳಿದರು, ಕಲಿತವರು ಪ್ರತಿಯಾಗಿ ಊರವರಿಗಾಗಿ ಇಂತಿಷ್ಟು ಗಂಟೆ ದುಡಿದರು. ನಮ್ಮಲ್ಲಿ ಕಲಿಯಲು ಹತ್ತಿರದ ಜಾಗವೆಂದರೆ ಕೃಷಿ ವಿಜ್ಞಾನ ಕೇಂದ್ರ: ಹಾಸನದವರಿಗೆ ಕಂದಲಿ, ಚಿಕ್ಕಮಗಳೂರಿನವರಿಗೆ ಮೂಡಿಗೆರೆ. ತರಬೇತಿ ಯಾವಾಗ ಇದೆ, ಮಣ್ಣು ಪರೀಕ್ಷೆಗೆ ಏನು ತರಬೇಕು ಎಂದು ಅಲ್ಲೇ ವಿಚಾರಿಸಿ.

ಮೊದಲು ಕಲಿಯಬೇಕಾದ್ದು ಮಣ್ಣು. ಸಕಲೇಶಪುರದಲ್ಲಿ ಮಳೆ ಜಾಸ್ತಿ, ಮಣ್ಣು ಹುಳಿ. ಅರಸೀಕೆರೆ ಅದೇ ಜಿಲ್ಲೆ, ಆದರೆ ಒಣ ಸೀಮೆ. ಹುಳಿ ತಗ್ಗಿಸಲು ಮಲೆನಾಡಿನಲ್ಲಿ ಹೇಳುವ "ಸುಣ್ಣ ಹಾಕಿ" ಎಂಬ ಮಾತನ್ನು ಅರಸೀಕೆರೆಯಲ್ಲಿ ಕಣ್ಣುಮುಚ್ಚಿ ಹೇಳಿದರೆ ಗಿಡಕ್ಕೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಆದ್ದರಿಂದ ಪರೀಕ್ಷೆ ಮಾಡಿಸದೆ ಸುಣ್ಣದ ಮಾತೆತ್ತಬೇಡಿ.

ಮಾದರಿ ತೆಗೆಯುವಾಗ ಐದಾರು ಕಡೆ ಅರ್ಧ ಅಡಿ ಆಳಕ್ಕೆ ‘ವಿ’ ಆಕಾರದ ಗುಂಡಿ ತೆಗೆದು, ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಪದರ ಕೆರೆದುಕೊಳ್ಳಿ. ಎಲ್ಲವನ್ನೂ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಡಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ ನೆರಳಲ್ಲಿ ಒಣಗಿಸಿ. ಗೊಬ್ಬರದ ಗುಂಡಿ ಪಕ್ಕ, ಮರದ ಬುಡದಲ್ಲಿ ತೆಗೆಯಬಾರದು ಎಂಬುದು ಹಲವರಿಗೆ ಗೊತ್ತು. ಮನೆ ಗೋಡೆಯ ಪಕ್ಕವೂ ಬೇಡ. ಉದುರಿದ ಸುಣ್ಣ, ಸಿಮೆಂಟು ಸೇರಿ ಹುಳಿ ಮಣ್ಣೂ ಚೆನ್ನಾಗಿರುವಂತೆ ತೋರುತ್ತದೆ. ರಸಸಾರ (ಮಣ್ಣಿನ ಹುಳಿ ಅಳೆಯುವ ಪಿಎಚ್) 5.5ಕ್ಕಿಂತ ಕಡಿಮೆ ಬಂದರೆ ಚದರ ಮೀಟರಿಗೆ ಸುಮಾರು 200 ಗ್ರಾಂ ಕೃಷಿ ಸುಣ್ಣ, ನಾಟಿಗೆ ಎರಡು ಮೂರು ವಾರ ಮೊದಲು. ಸುಣ್ಣ ಹಾಕಿದ ದಿನವೇ ಸಗಣಿ ಗೊಬ್ಬರವನ್ನೂ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಆಮೇಲೆ ರೋಗ ಗುರುತಿಸುವುದು. ಸ್ವಯಂಸೇವಕರು ಎಡವುವುದು ಇಲ್ಲೇ. ಟೊಮೆಟೊ ಗಿಡ ಬಾಡಿದೆ ಎಂದ ತಕ್ಷಣ "ನೀರು ಹಾಕಿ" ಅನ್ನುವುದು ಎಲ್ಲರಿಗೂ ಸುಲಭ. ಮಣ್ಣು ಒದ್ದೆಯಿದ್ದೂ, ಎಲೆ ಹಸಿರಾಗಿದ್ದೂ ಗಿಡ ಜೋತುಬಿದ್ದಿದ್ದರೆ ಸೊರಗು ರೋಗದ ಅನುಮಾನ ಬರಬೇಕು. ಬುಡದ ಹತ್ತಿರದ ಕಾಂಡವನ್ನು ಮೂರು ಇಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗದಂತೆ ತೂಗಿಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹೊಗೆಯ ಎಳೆಯಂತೆ ಬಿಳಿ ದ್ರವ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ. ಯಾವ ಔಷಧಿ ಹೊಡೆದರೂ ಆ ಗಿಡ ಉಳಿಯದು. ಬೇರುಸಮೇತ ಕಿತ್ತು ಸುಡಿ, ಕಾಂಪೋಸ್ಟಿಗೆ ಹಾಕಬೇಡಿ. ಆ ಪಾತಿಯಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಜೋಳ, ಅವರೆ ಹಾಕಲಿ. ಟೊಮೆಟೊ ಬೇಕೇಬೇಕು ಅನ್ನುವವರಿಗೆ ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ (ಐಐಎಚ್‌ಆರ್) ಅರ್ಕಾ ರಕ್ಷಕ್ ಈ ರೋಗ ತಡೆಯುವ ತಳಿ, ಆದರೆ ಹೈಬ್ರಿಡ್ ಆದ್ದರಿಂದ ಬೀಜ ಎತ್ತಿಡಲಾಗದು. ಲೋಟದಲ್ಲಿ ಎಳೆ ಇಳಿಯಲಿಲ್ಲವೋ, ಬೇರು ಕಿತ್ತು ನೋಡಿ: ಗಂಟುಗಂಟಾಗಿದ್ದರೆ ಬೇರಿನ ಜಂತುಹುಳು (ನೆಮಟೋಡ್), ಕಪ್ಪಾಗಿ ಕೊಳೆತಿದ್ದರೆ ನೀರು ನಿಂತಿದೆ.

ಪ್ರಶ್ನೆ ಕೇಳುವ ರೀತಿಯನ್ನೂ ಅಭ್ಯಾಸ ಮಾಡಿಕೊಳ್ಳಬೇಕು. "ನೀರು ಜಾಸ್ತಿ ಆಯ್ತೇನಕ್ಕಾ?" ಅಂದರೆ ಯಾರೂ ಹೌದು ಅನ್ನುವುದಿಲ್ಲ. "ದಿನಕ್ಕೆ ಎಷ್ಟು ಚೊಂಬು ಹಾಕ್ತೀರಿ?" ಅಂದರೆ ನಿಜ ಹೊರಗೆ ಬರುತ್ತದೆ.

ಔಷಧಿಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಕಾಫಿ ತೋಟಕ್ಕೆ ತಂದು ಉಳಿದದ್ದನ್ನು ಸೊಪ್ಪಿಗೆ ಹೊಡೆಯಲು ಎಂದೂ ಒಪ್ಪಬೇಡಿ, ಎಷ್ಟೇ ಹತ್ತಿರದವರು ಕೇಳಿದರೂ ಸರಿ. ಸಸ್ಯಹೇನಿಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ ಸಾಕು. ಮೊದಲು ನೀರಿಗೆ ಸೋಪು ಕದಡಿ, ನಂತರ ಎಣ್ಣೆ. ಸೋಪಿಲ್ಲದಿದ್ದರೆ ಎಣ್ಣೆ ತೇಲಿ, ಬಿದ್ದಲ್ಲಿ ಎಲೆ ಸುಡುತ್ತದೆ. ಹೊಡೆಯುವುದು ಸಂಜೆ. ಗೊತ್ತಿಲ್ಲದ್ದಕ್ಕೆ "ಕೇಳಿಕೊಂಡು ಬಂದು ಹೇಳ್ತೀನಿ" ಎಂದು ಪುಸ್ತಕದಲ್ಲಿ ಬರೆದುಕೊಳ್ಳಿ, ಹದಿನೈದು ದಿನದೊಳಗೆ ಹೋಗಿ ಹೇಳಿ.

ಶಾಲೆಯಲ್ಲಿ ಮೊದಲ ಪಾಠಕ್ಕೆ ಹರಿವೆ ಸೊಪ್ಪು ಒಳ್ಳೆಯದು, ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಬೀಜ ತೀರಾ ಸಣ್ಣದು. ಹಾಗೇ ಎರಚಿದರೆ ಒಂದೇ ಕಡೆ ಗುಂಪಾಗಿ ಹುಟ್ಟಿ ಬುಡ ಕೊಳೆಯುತ್ತದೆ. ಒಂದು ಚಮಚ ಬೀಜಕ್ಕೆ ಎರಡು ಹಿಡಿ ಒಣ ಮರಳು ಬೆರೆಸಿ ಮಕ್ಕಳ ಕೈಗೆ ಕೊಡಿ. ಮೇಲೆ ಪುಡಿ ಗೊಬ್ಬರ ತೆಳ್ಳಗೆ ಉದುರಿಸಿ, ಇರುವೆ ಬೀಜ ಹೊತ್ತೊಯ್ಯದಂತೆ ಪಾತಿಯ ಸುತ್ತ ಬೂದಿಯ ಗೆರೆ ಎಳೆಯಿರಿ. ಮಳೆ ಬಂದು ಗೆರೆ ಕರಗಿದರೆ ಮತ್ತೆ ಎಳೆಯಬೇಕು. ಆ ಕೆಲಸಕ್ಕೆ ಇಬ್ಬರು ಮಕ್ಕಳನ್ನು ಮೊದಲೇ ಗೊತ್ತುಮಾಡಿಡಿ.