ಬೋರ್ಡಿನಲ್ಲಿ ಹಾಗೇ ಬರೆದಿದೆಯಲ್ಲ

ಮೊನ್ನೆ ಇಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನ ಬಸ್ಸಿನಲ್ಲಿ ನಡೆದದ್ದು ಇನ್ನೂ ತಲೆಯಿಂದ ಹೋಗಿಲ್ಲ. ಹೊರದೇಶದ ಹುಡುಗಿಯೊಬ್ಬಳು ‘ಹ್ಯಾಪಿಸ್‌ಬರ್ಗ್‌ಗೆ ಒಂದು ಟಿಕೆಟ್’ ಅಂದಳು. ಡ್ರೈವರ್ ‘ಎಲ್ಲಿಗೆ?’ ಅಂದ. ಅವಳು ಮತ್ತೆ ಅದನ್ನೇ ಹೇಳಿದಳು. ‘ಓ, ಹೇಜ್‌ಬ್ರ!’ ಅಂತ ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. ಹಿಂದಿನ ಸೀಟಿನವರು ನಕ್ಕರು. ಅವಳ ಮುಖ ಕೆಂಪಾಯಿತು. ‘ಬೋರ್ಡಿನಲ್ಲಿ ಹಾಗೇ ಬರೆದಿದೆಯಲ್ಲ’ ಅಂದಳು, ಮೆಲ್ಲಗೆ.

ಡ್ರೈವರ್ ಕೆಟ್ಟವನಲ್ಲ, ಬಾಯಿ ಸ್ವಲ್ಪ ಜೋರು. ನನಗೆ ಸಿಟ್ಟು ಬಂದದ್ದು ನಕ್ಕವರ ಮೇಲೆ. ಅವರಿಗೆ ಆ ಹೆಸರು ಹುಟ್ಟಿದಾಗಿನಿಂದ ಕಿವಿಗೆ ಬಿದ್ದಿದೆ. ಕಲಿಯೋಕೆ ಪಟ್ಟ ಕಷ್ಟ ಏನಿದೆ?

ಬೋರ್ಡಿನಲ್ಲಿ ಹಾಗೇ ಬರೆದಿದೆ. ನಿಜ ತಾನೇ? 1086ರಲ್ಲಿ ದೊರೆ ವಿಲಿಯಂ ಇಂಗ್ಲೆಂಡಿನ ಜಮೀನಿನ ಲೆಕ್ಕ ಬರೆಸಿದ. ಆ ಡೂಮ್ಸ್‌ಡೇ ಪುಸ್ತಕದಲ್ಲಿ ಈ ಊರು ‘ಹಾಪೆಸ್‌ಬುರ್ಕ್’. ಹ್ಯಾಪ್ ಎಂಬವನ ಕೋಟೆ ಅಂತ. ನಡುವಿನ ‘ಪ’ ಆಮೇಲೆ ಜನರ ಬಾಯಲ್ಲಿ ಸವೆದುಹೋಯಿತು, ಬರವಣಿಗೆಯಲ್ಲಿ ಮಾತ್ರ ಉಳಿಯಿತು. ಹಾಗೆ ನೋಡಿದರೆ ಆ ಹುಡುಗಿ ಹೇಳಿದ್ದೇ ಹಳೆಯದಕ್ಕೆ ಹತ್ತಿರ, ಅಲ್ವಾ?

ಹೊರಗಿನವರು ಊರಿನ ಹೆಸರು ಕೆಡಿಸುತ್ತಾರೆ ಅನ್ನೋದನ್ನು ಇಲ್ಲಿ ಜಾಸ್ತಿ ಕೇಳಿದ್ದೇನೆ. ನಾಟಿಂಗ್‌ಹ್ಯಾಮ್ ನೋಡಿ. ಡೂಮ್ಸ್‌ಡೇಯಲ್ಲಿ ಅದು ‘ಸ್ನೋಟಿಂಗೆಹಾಮ್’, ಸ್ನೋಟ್ ಎಂಬವನ ಕಡೆಯವರ ಊರು. ದೊರೆ ವಿಲಿಯಂ ಜೊತೆ ಬಂದ, ಫ್ರೆಂಚ್ ಮಾತಾಡುವ ನಾರ್ಮನ್ನರ ನಾಲಿಗೆಗೆ ಮೊದಲ ‘ಸ್’ ಒಗ್ಗಲಿಲ್ಲ, ಬಿದ್ದೇ ಹೋಯಿತು. ಅದಕ್ಕೂ ಮುಂಚೆ ಡೆನ್ಮಾರ್ಕಿನ ಕಡೆಯಿಂದ ಬಂದ ಡೇನರು ನಾರ್ತ್‌ವರ್ದಿ ಅನ್ನೋ ಊರನ್ನು ತಮ್ಮ ಮಾತಿನಲ್ಲಿ ಡರ್ಬಿ ಅಂತ ಕರೆದರು. ಈಗ ಎಲ್ಲರಿಗೂ ಅದು ಡರ್ಬಿಯೇ. ನಮ್ಮ ಮಡಿಕೇರಿ ಇಂಗ್ಲಿಷರ ಕಾಗದಗಳಲ್ಲಿ ಮರ್ಕಾರಾ ಆದದ್ದೂ ಹೀಗೇ. ಅವರೆಲ್ಲ ಅಧಿಕಾರ ಇಟ್ಟುಕೊಂಡು ಬಂದವರು, ಯಾರು ನಗುತ್ತಾರೆ? ಈ ಹುಡುಗಿಯ ಕೈಯಲ್ಲಿ ಇದ್ದದ್ದು ಬಸ್ ಚಾರ್ಜು ಮಾತ್ರ.

ಊರಿಂದ ಬಂದಿರುವ ಅಮ್ಮ ನಿನ್ನೆ ರೈಲು ನಿಲ್ದಾಣದ ಬೋರ್ಡು ನೋಡಿ, ಅಕ್ಷರ ಬಿಡದೆ ‘ವೈಮಂಡ್‌ಹ್ಯಾಮ್’ ಅಂತ ಓದಿದರು. ಇಲ್ಲೇ ಹುಟ್ಟಿದ ಮಗಳು ‘ಅಜ್ಜೀ, ಅದು ವಿಂಡಮ್!’ ಅಂತ ನಗೋಕೆ ಶುರು ಮಾಡಿದಳು. ನಾನು ತಡೆದೆ. ಸಾವಿರ ವರ್ಷದ ಹತ್ತಿರ ಹಿಂದೆ ಈ ಊರನ್ನು ‘ವಿಮುಂಡ್‌ಹಾಮ್’ ಅಂತ ಬರೆದಿದ್ದರು ಪುಟ್ಟಿ, ವಿಗ್ಮಂಡ್ ಎಂಬವನ ಊರು. ಅಜ್ಜಿ ಓದಿದ್ದರಲ್ಲಿ ಅವನ ಹೆಸರು ಇನ್ನೂ ಕೇಳಿಸುತ್ತೆ, ನಿನ್ನ ವಿಂಡಮ್‌ನಲ್ಲಿ ಕೇಳಿಸಲ್ಲ ಅಂದೆ.