ಕುದುರೆಮುಖದ ಹುಲ್ಲುಗುಡ್ಡಗಳಲ್ಲಿ

22 ಅಕ್ಟೋಬರ್ 2024, ಮಂಗಳವಾರ
ಸಂಸೆ ಹತ್ತಿರ, ಕಳಸ ತಾಲೂಕು

ಕಾಲು ಮಾತು ಕೇಳುತ್ತಿಲ್ಲ. ಆದರೂ ಇವತ್ತೇ ಬರೆದುಬಿಡುತ್ತೇನೆ. ನಾಳೆಗೆ ಅಂತ ಬಿಟ್ಟರೆ ತುದಿಯ ಫೋಟೋ ಒಂದೇ ಉಳಿಯುತ್ತದೆ, ದಾರಿ ಮರೆತುಹೋಗುತ್ತದೆ.

ಬೆಳಿಗ್ಗೆ ಹೋಂಸ್ಟೇಯಲ್ಲಿ ಕಡುಬು ತಿಂದು, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಸಿಕೊಂಡು ಹೊರಟೆವು. ಮುಳ್ಳೋಡಿವರೆಗೆ ಜೀಪು, ಅಲ್ಲಿಂದ ನಡಿಗೆ. ಹೋಗಿ ಬರಲು ಸುಮಾರು 20 ಕಿಲೋಮೀಟರ್. ಮೊದಮೊದಲು ಹಳ್ಳ ದಾಟುವುದು, ಇಂಬಳ ಕೀಳುವುದು, ಇಷ್ಟೇ ಕೆಲಸ. ಒಂಟಿಮರ ದಾಟಿದ ಮೇಲೆ ಸುತ್ತಲಿನ ಗುಡ್ಡಗಳೆಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದವು.

ಗುಡ್ಡದ ಬೆನ್ನಿನ ಮೇಲೆಲ್ಲ ಹುಲ್ಲು. ಎರಡು ಗುಡ್ಡ ಸೇರುವ ಸಂದಿಯಲ್ಲಿ ಮಾತ್ರ ಕಾಡು. ಅದೇ ಶೋಲಾ. ಹುಲ್ಲು ಮುಗಿದಲ್ಲೇ ಕಾಡು ಶುರು. ಒಂದು ಹೆಜ್ಜೆ ಬಿಸಿಲಲ್ಲಿಟ್ಟರೆ ಮುಂದಿನದು ಕತ್ತಲಲ್ಲಿ, ಮೈಗೆ ತಣ್ಣಗೆ ತಾಗುತ್ತದೆ. ಮರಗಳು ಕುಳ್ಳಗೆ, ಗಂಟುಗಂಟಾಗಿ, ಕೊಂಬೆ ತುಂಬ ಪಾಚಿ.

"ಇಲ್ಲಿದ್ದ ಮರ ಎಲ್ಲ ಕಡಿದುಬಿಟ್ರಾ?" ಅಂತ ನನ್ನ ಗೆಳತಿ ಗೈಡ್‌ನ ಕೇಳಿದಳು.

"ಇಲ್ಲ ಅಕ್ಕ, ಇದು ಮೊದಲಿಂದ್ಲೂ ಹೀಗೇ. ಹುಲ್ಲೇ ಇಲ್ಲಿನ ಕಾಡು," ಅಂದ ಆ ಹುಡುಗ.

ಆ ಮಾತು ನನಗೆ ತುಂಬಾ ಹಿಡಿಸಿತು. ಮೇಲೆ ಗಾಳಿ ಜಾಸ್ತಿ, ಮಣ್ಣು ತೆಳು. ಮರಕ್ಕೆ ಸಂದಿಯಲ್ಲೇ ಅನುಕೂಲ, ಹುಲ್ಲಿಗೆ ಬಯಲೇ ಸರಿ. ಊಟಕ್ಕೆ ಕೂತಾಗ ಒಂದು ಹುಲ್ಲಿನ ಬುಡ ಬಿಡಿಸಿ ನೋಡಿದೆ. ಒಳಗೆ ಕಪ್ಪು ಮಣ್ಣು, ಒದ್ದೆ. ಬೆರಳು ಊರಿದರೆ ಆ ಗುಂಡಿಯಲ್ಲಿ ನಿಧಾನಕ್ಕೆ ನೀರು ತುಂಬಿಕೊಂಡಿತು. ಪಕ್ಕದಲ್ಲೇ ಬಂಡೆಯಂಚಿಗೆ ಹುಳ ಹಿಡಿಯುವ ಡ್ರಾಸೆರಾ ಗಿಡ. ಎಲೆ ಮೇಲಿನ ಕೆಂಪು ಕೂದಲಿಗೆಲ್ಲ ಅಂಟಿನ ಹನಿ, ಒಂದರಲ್ಲಿ ಇರುವೆಗಿಂತ ಚಿಕ್ಕ ನೊಣ ಸಿಕ್ಕಿಕೊಂಡಿತ್ತು. ಗೆಳತಿ ಎಬ್ಬಿಸದಿದ್ದರೆ ನಾನು ಅಲ್ಲೇ ಕೂತಿರುತ್ತಿದ್ದೆ.

ಮಳೆ ನಿಂತ ಮೇಲೂ ಈ ಹಳ್ಳಗಳು ಹರಿಯುವುದು ಈ ನೀರಿನಿಂದಲೇ ಅಲ್ವಾ? ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ರಾಷ್ಟ್ರೀಯ ಉದ್ಯಾನದಲ್ಲಿದೆ. ನೇತ್ರಾವತಿ ಘಟ್ಟ ಇಳಿದು ಮಂಗಳೂರಿನ ಕಡಲು ಸೇರುತ್ತಾಳೆ. ತುಂಗೆ, ಭದ್ರೆಯರು ಬೇರೆ ಬೇರೆ ದಾರಿ ಹಿಡಿದು ಹೋಗಿ ಕೂಡಲಿಯಲ್ಲಿ ಒಂದಾಗುತ್ತಾರೆ.

ಇಂಥ ಜಾಗದಲ್ಲೇ ಕಬ್ಬಿಣದ ಅದಿರು ತೆಗೆದರು ಅನ್ನುವುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಗುಡ್ಡ ಅಗೆದು, ಅದಿರನ್ನು ನೀರಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ನಿಲ್ಲಿಸಲು ಲಕ್ಯಾ ಅಣೆಕಟ್ಟು ಕಟ್ಟಿದರು. ಹಸಿರು ಮಾಡುತ್ತೇವೆ ಅಂತ ಹುಲ್ಲುಗುಡ್ಡದ ಮೇಲೆ ಅಕೇಶಿಯಾದಂಥ ಹೊರಗಿನ ಮರಗಳನ್ನೂ ನೆಟ್ಟರು. ಹುಲ್ಲು ಅಂದರೆ ಖಾಲಿ ಜಾಗ ಅಂತ ಲೆಕ್ಕ! ಸಿಂಗಳೀಕಗಳ ನೆಲೆ ಉಳಿಸಬೇಕೆಂದು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆದರೂ ಗಣಿ ನಡೆದೇ ಇತ್ತು. ಪರಿಸರದವರು ಕೋರ್ಟಿಗೆ ಹೋದರು, 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಅಷ್ಟು ವರ್ಷ ಪಟ್ಟು ಬಿಡದೆ ಹೋರಾಡಿದವರಿಗೆ ಇವತ್ತು ನಡೆಯುತ್ತಾ ಮನಸ್ಸಲ್ಲೇ ಕೈ ಮುಗಿದೆ.

ತುದಿಯ ಎತ್ತರ 1,894 ಮೀಟರ್. ನಾವು ಮುಟ್ಟಿದಾಗ ಮಂಜು, ಪಕ್ಕದವರ ಮುಖವೂ ಮಸುಕು. ಗಾಳಿ ಬೀಸಿ ಸ್ವಲ್ಪ ಹೊತ್ತು ತೆರವಾಯಿತು. ಪಶ್ಚಿಮಕ್ಕೆ ಗುಡ್ಡ ಇಳಿಯುವುದಿಲ್ಲ, ಕಡಿದುಬಿಟ್ಟ ಹಾಗೆ ನಿಂತುಬಿಡುತ್ತದೆ. ಕೆಳಗೆ, ತುಂಬ ಕೆಳಗೆ, ಬೆಳ್ತಂಗಡಿ ಕಡೆಯ ತೋಟಗಳು. ಕಡಲು ಕಾಣಲಿಲ್ಲ. ಗುಡುಗು ಶುರುವಾದ್ದರಿಂದ ಗೈಡ್ ನಮ್ಮನ್ನು ಅಲ್ಲಿ ಹೆಚ್ಚು ಹೊತ್ತು ಬಿಡಲಿಲ್ಲ. ಇಳಿಯುವಾಗ ಶೋಲಾದೊಳಗಿಂದ ಸಿಳ್ಳಾರ ಹಕ್ಕಿಯ ಶಿಳ್ಳೆ ಕೇಳಿತು. ಥೇಟ್ ಯಾರೋ ಹುಡುಗ ಸುಮ್ನೆ ಶಿಳ್ಳೆ ಹಾಕಿಕೊಂಡು ಹೋಗುತ್ತಿರುವ ಹಾಗೆ. ಸಿಂಗಳೀಕ ಮಾತ್ರ ಕಾಣಲಿಲ್ಲ. ನಿನ್ನೆ ಕಾರ್ಕಳ ಕಡೆಯಿಂದ ಬರುವಾಗ ಹನುಮಾನ್ ಗುಂಡಿ ಜಲಪಾತದ ಮೆಟ್ಟಿಲಲ್ಲೂ ಮರದ ಮೇಲೇ ಕಣ್ಣಿಟ್ಟಿದ್ದೆ, ಅಲ್ಲೂ ಇಲ್ಲ.

ಹೋಗುವ ಮನಸ್ಸಿದ್ದವರಿಗೆ: ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಇರಲೇಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಶನಿವಾರ, ಭಾನುವಾರ ಬಿಟ್ಟು ಹೋದರೆ ಒಳ್ಳೆಯದು.

ನಾಳೆ ಕಳಸದ ಹತ್ತಿರ ಅಂಬಾತೀರ್ಥಕ್ಕೆ ಹೋಗುತ್ತೇವೆ. ಭದ್ರೆ ಅಲ್ಲಿ ಬಂಡೆಗಳ ನಡುವೆ ನುಗ್ಗುತ್ತಾಳೆ. ಮಧ್ವಾಚಾರ್ಯರು ಇಟ್ಟರೆಂದು ಹೇಳುವ ದೊಡ್ಡ ಕಲ್ಲನ್ನೂ ನೋಡಬೇಕು. ಆಮೇಲೆ ಬೆಂಗಳೂರಿನ ಬಸ್ಸು.