ಅಅ ಎರಡು ಸಲ ಬಂತು

ಮೊನ್ನೆ ಅಕ್ಕನ ಮಗಳು ಗಣಿತದ ನೋಟ್‌ಬುಕ್ ಹಿಡಿದು ಬಂದಳು. "ಮಾಮ, ಇದೊಂದು ಹೇಳಿಕೊಡು." ಲೆಕ್ಕ ಇಷ್ಟೇ. ಇಂಗ್ಲಿಷಿನ 26 ಅಕ್ಷರ ಬಳಸಿ ನಾಲ್ಕು ಅಕ್ಷರದ ಸಾಲು ಮಾಡಬೇಕು. ಅರ್ಥ ಇರಬೇಕಾಗಿಲ್ಲ, ಒಂದೇ ಅಕ್ಷರ ಎಷ್ಟು ಸಲ ಬಂದರೂ ಪರವಾಗಿಲ್ಲ. ಆದರೆ ಎ, ಇ, ಐ, ಓ, ಯು ಎಂಬ ಐದು ಸ್ವರಗಳಲ್ಲಿ ಕಡೇಪಕ್ಷ ಒಂದಾದರೂ ಇರಬೇಕು. ಅಂಥ ಸಾಲು ಎಷ್ಟು?

ನಾನು ಯೋಚನೆ ಕೂಡ ಮಾಡಲಿಲ್ಲ. ಸ್ವರಕ್ಕೆ ಜಾಗ ನಾಲ್ಕು, ಅಲ್ಲಿ ಕೂರಿಸಲು ಸ್ವರ ಐದು, ಉಳಿದ ಮೂರು ಜಾಗಕ್ಕೆ ಯಾವ ಅಕ್ಷರವಾದರೂ ಸರಿ, ಅಂದರೆ ತಲಾ 26, ಎಲ್ಲ ಗುಣಿಸು ಅಂದೆ. 3,51,520 ಬಂತು. ಅವಳು ಪುಸ್ತಕದ ಹಿಂದಿನ ಪುಟ ತಿರುಗಿಸಿ ನೋಡಿದಳು. ಅಲ್ಲಿ 2,62,495 ಅಂತಿತ್ತು. "ಪ್ರಿಂಟ್ ತಪ್ಪಿರಬೇಕು" ಅಂದುಬಿಟ್ಟೆ. ಈಗಲೂ ನೆನೆಸಿಕೊಂಡರೆ ನಾಚಿಕೆ ಆಗುತ್ತೆ.

ಪುಸ್ತಕ ಸರಿಯಾಗೇ ಇತ್ತು. ಒಟ್ಟು ಸಾಲುಗಳು 26ನ್ನು ನಾಲ್ಕು ಸಲ ಗುಣಿಸಿದಷ್ಟು, 4,56,976. ಒಂದೂ ಸ್ವರ ಇಲ್ಲದವು 21ನ್ನು ನಾಲ್ಕು ಸಲ ಗುಣಿಸಿದಷ್ಟು, 1,94,481. ಕಳೆದರೆ 2,62,495. ಎರಡೇ ಸಾಲಿನ ಕೆಲಸ. ಆದರೆ ಅವಳು ಅಷ್ಟಕ್ಕೆ ಬಿಡಲಿಲ್ಲ. "ಇದು ಸರಿ, ಒಪ್ಪಿದೆ. ನೀನು ಹೇಳಿದ್ದು ಯಾಕೆ ತಪ್ಪು?" ಅಂದಳು. ಇದು ಬಹಳ ಒಳ್ಳೆಯ ಪ್ರಶ್ನೆ, ಮತ್ತು ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ.

ಇಂಥ ಹೊತ್ತಲ್ಲಿ ನನಗೆ ಗೊತ್ತಿರುವ ದಾರಿ ಒಂದೇ, ಲೆಕ್ಕವನ್ನು ಬೆರಳಲ್ಲಿ ಎಣಿಸುವಷ್ಟು ಚಿಕ್ಕದು ಮಾಡುವುದು. ಅಕ್ಷರ ಎರಡೇ ಇರಲಿ, ಅ ಮತ್ತು ಬ. ಸಾಲಿನ ಉದ್ದವೂ ಎರಡೇ. ಒಂದಾದರೂ ಅ ಇರುವ ಸಾಲುಗಳು ಯಾವುವು? ಅಅ, ಅಬ, ಬಅ. ಮೂರು. ನನ್ನ ದಾರಿಯಲ್ಲಿ ಎಣಿಸಿದರೆ ಅ ಕೂರಿಸಲು ಜಾಗ ಎರಡು, ಉಳಿದ ಜಾಗಕ್ಕೆ ಆಯ್ಕೆ ಎರಡು, ಒಟ್ಟು ನಾಲ್ಕು. ಹೆಚ್ಚಿಗೆ ಬಂದ ಆ ಒಂದು ಯಾವುದು? ಬರೆದು ನೋಡಿದೆವು. ಮೊದಲ ಜಾಗದಲ್ಲಿ ಅ ಇಟ್ಟಾಗ ಅಅ, ಅಬ. ಎರಡನೇ ಜಾಗದಲ್ಲಿ ಇಟ್ಟಾಗ ಅಅ, ಬಅ. ಸಿಕ್ಕಿಬಿತ್ತು! ಅಅ ಎರಡು ಸಲ ಹಾಜರಿ ಹಾಕಿಸಿಕೊಂಡಿದೆ. 'ನಾನು ಇಟ್ಟ ಅ' ಯಾವುದು, 'ತಾನಾಗಿ ಬಂದ ಅ' ಯಾವುದು ಅನ್ನುವ ವ್ಯತ್ಯಾಸ ನನ್ನ ತಲೆಯಲ್ಲಿತ್ತೇ ಹೊರತು ಸಾಲಿನಲ್ಲಿ ಇರಲಿಲ್ಲ.

ಇನ್ನೊಂದು ಮಜಾ ನೋಡಿ. ಅದೇ ತಪ್ಪು ದಾರಿಯನ್ನು ಆರು ಅಕ್ಷರದ ಸಾಲಿಗೆ ಹಚ್ಚಿದರೆ 35,64,41,280 ಬರುತ್ತದೆ. ಆರು ಅಕ್ಷರದ ಸಾಲುಗಳೇ ಒಟ್ಟು ಇರುವುದು 30,89,15,776! ಇರುವುದಕ್ಕಿಂತ ಜಾಸ್ತಿ ಸಿಕ್ಕಿತು ಅಂದರೆ ಯಾರಿಗಾದರೂ ಅನುಮಾನ ಬರುತ್ತೆ. ನಾಲ್ಕು ಅಕ್ಷರಕ್ಕೆ ಉತ್ತರ ಒಟ್ಟು ಸಂಖ್ಯೆಯ ಒಳಗೇ ಇತ್ತು, ಅದಕ್ಕೇ ನಾನು ಅಷ್ಟು ಧೈರ್ಯವಾಗಿ ಪ್ರಿಂಟ್ ತಪ್ಪು ಅಂದದ್ದು.

"ಕನ್ನಡ ಅಕ್ಷರದಲ್ಲಿ ಒಂದು ಮಾಡೋಣ" ಅಂದಳು. ಕನ್ನಡದಲ್ಲಿ ಇಂಥ ಲೆಕ್ಕ ಸ್ವಲ್ಪ ತೊಡಕು. ಕಾಗುಣಿತ, ಒತ್ತಕ್ಷರ ಬಂದರೆ 'ಒಂದು ಅಕ್ಷರ' ಅಂದರೆ ಏನು ಅಂತಲೇ ಮೊದಲು ಜಗಳ ಆಗಬೇಕು. ಹಾಗಾಗಿ ಗುಣಿತವೂ ಒತ್ತೂ ಇಲ್ಲದ 'ಸರಸರ' ತೆಗೆದುಕೊಂಡೆವು. ಎರಡು ಸ, ಎರಡು ರ. ನಾಲ್ಕು ಬೇರೆ ಬೇರೆ ಅಕ್ಷರವಾಗಿದ್ದರೆ 24 ಜೋಡಣೆ. ಸ ಎರಡು, ರ ಎರಡು ಒಂದೇ ಥರ ಇರುವುದರಿಂದ ಎರಡರಿಂದ ಭಾಗಿಸಿ, ಮತ್ತೆ ಎರಡರಿಂದ ಭಾಗಿಸಿದರೆ ಆರು. ಸಸರರ, ಸರಸರ, ಸರರಸ, ರಸಸರ, ರಸರಸ, ರರಸಸ.

ಈಗ ಷರತ್ತು. ಒಂದೇ ಅಕ್ಷರ ಅಕ್ಕಪಕ್ಕ ಬರಬಾರದು. ಅವಳು ಈ ಸಲ ಹುಷಾರಾಗಿ ಕಳೆಯುವ ದಾರಿ ಹಿಡಿದಳು. ಸಸ ಅಂಟಿಕೊಂಡಿರುವುದನ್ನು ಒಂದೇ ಅಕ್ಷರ ಅಂದುಕೊಂಡರೆ ಅದು ಮತ್ತು ಎರಡು ರ, ಮೂರು ಜೋಡಣೆ. ಹಾಗೇ ರರ ಅಂಟಿಕೊಂಡಿರುವುದು ಮೂರು. ಆರರಲ್ಲಿ ಮೂರು ಹೋಯಿತು, ಮತ್ತೆ ಮೂರು ಹೋಯಿತು, ಉಳಿದದ್ದು ಸೊನ್ನೆ. ಸೊನ್ನೆ ಅಂತ ಬರೆದು, ಅದರ ಮೇಲಿನ ಸಾಲಿನಲ್ಲೇ ತಾನು ಬರೆದ ಸರಸರ, ರಸರಸ ನೋಡಿ ಪೆನ್ನಿನ ತುದಿ ಕಚ್ಚಿಕೊಂಡು ಕೂತಳು. ಸಸರರ, ರರಸಸ ಎರಡು ಪಟ್ಟಿಯಲ್ಲೂ ಇವೆ. ಎರಡು ಸಲ ಕಳೆದಿದ್ದೇವೆ, ಒಂದು ಸಲ ವಾಪಸ್ ಸೇರಿಸಬೇಕು. 6ರಲ್ಲಿ 3 ಮತ್ತು 3 ಹೋಗಿ, 2 ಬಂದರೆ 2. ಸೇರಿಸಿದಾಗ ಆದ ತಪ್ಪೇ ಇಲ್ಲಿ ಕಳೆದಾಗ ಆಗಿದೆ, ವೇಷ ಬೇರೆ ಅಷ್ಟೇ.

ಮಾತಿನ ಮೋಸವೂ ಒಂದಿದೆ. ಐದು ಬೇರೆ ಬೇರೆ ವ್ಯಂಜನ, ಮೂರು ಬೇರೆ ಬೇರೆ ಸ್ವರ, ಎಂಟನ್ನೂ ಸಾಲಾಗಿ ಜೋಡಿಸಬೇಕು, ಯಾವ ಎರಡು ಸ್ವರವೂ ಅಕ್ಕಪಕ್ಕ ಬರಬಾರದು. ಒಟ್ಟು 40,320ರಲ್ಲಿ ಮೂರೂ ಸ್ವರ ಒಟ್ಟಿಗೆ ಇರುವ 4,320 ಕಳೆದು 36,000 ಅಂತ ಬರೆಯುವವರು ಬಹಳ ಜನ. ಆದರೆ 'ಮೂರೂ ಒಟ್ಟಿಗೆ ಬರಬಾರದು' ಬೇರೆ, 'ಯಾವ ಎರಡೂ ಒಟ್ಟಿಗೆ ಬರಬಾರದು' ಬೇರೆ. ಎರಡು ಸ್ವರ ಅಂಟಿಕೊಂಡು ಮೂರನೆಯದು ದೂರ ಕೂತಿರುವ ಸಾಲುಗಳೆಲ್ಲ ಆ 36,000ದ ಒಳಗೆ ಹಾಯಾಗಿ ಉಳಿದಿರುತ್ತವೆ. ಇಲ್ಲಿ ಕಳೆಯುವ ಗೋಜೇ ಬೇಡ. ಮೊದಲು ಐದು ವ್ಯಂಜನ ನಿಲ್ಲಿಸಿ, 120 ರೀತಿ. ಅವುಗಳ ನಡುವೆ ನಾಲ್ಕು ಸಂದು, ಎರಡು ತುದಿಯಲ್ಲಿ ಎರಡು, ಒಟ್ಟು ಆರು. ಒಂದು ಸಂದಿಗೆ ಒಂದೇ ಸ್ವರ, 6 × 5 × 4, ಅದೂ 120. ಗುಣಿಸಿದರೆ 14,400. ಉತ್ತರ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು.

ಅಷ್ಟರಲ್ಲಿ ಅವಳಿಗೆ ರುಚಿ ಹತ್ತಿತ್ತು. ಮತ್ತೆ ಅ, ಬ ಎರಡೇ ಅಕ್ಷರ, ಆದರೆ ಎರಡು ಅ ಅಕ್ಕಪಕ್ಕ ಬರಬಾರದು. ಉದ್ದ ಒಂದಾದರೆ 2, ಎರಡಾದರೆ 3, ಮೂರಾದರೆ 5, ನಾಲ್ಕಾದರೆ 8. ಸಾಲಿನ ಕೊನೆ ನೋಡಿದರೆ ಕಾರಣ ಸಿಗುತ್ತೆ. ಕೊನೆಯಲ್ಲಿ ಬ ಇದ್ದರೆ ಅದಕ್ಕೆ ಮುಂಚೆ ಒಂದು ಕಡಿಮೆ ಉದ್ದದ ಯಾವ ಸರಿಯಾದ ಸಾಲೂ ಇರಬಹುದು. ಅ ಇದ್ದರೆ ಅದರ ಹಿಂದೆ ಬ ಇರಲೇಬೇಕು, ಹಾಗಾಗಿ ಎರಡು ಕಡಿಮೆ ಉದ್ದದ ಸಾಲು. ಎರಡನ್ನೂ ಕೂಡಿಸುತ್ತಾ ಹೋದರೆ ಹತ್ತು ಅಕ್ಷರಕ್ಕೆ 144. ಇದನ್ನು ಇಟಲಿಯ ಗಣಿತಜ್ಞ ಫಿಬೊನಾಚಿಯ ಹೆಸರಲ್ಲಿ ಫಿಬೊನಾಚಿ ಸಂಖ್ಯೆ ಅಂತ ಕರೆಯುತ್ತೇವೆ, ಇವೇ ಸಂಖ್ಯೆ ಬರುವ ಮೊಲಗಳ ಲೆಕ್ಕ ಅವನು ಬರೆದದ್ದು 1202ರಲ್ಲಿ. ಅದಕ್ಕೆ ಸುಮಾರು 50 ವರ್ಷ ಮುಂಚೆಯೇ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನ ಲೆಕ್ಕದಲ್ಲಿ ಇದೇ ಸಂಖ್ಯೆಗಳನ್ನು ಹೇಳಿದ್ದ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಷ್ಟು ಮಾತ್ರೆಗೆ ಎಷ್ಟು ಬಗೆ? ಕೊನೆ ಲಘುವಾದರೆ ಒಂದು ಮಾತ್ರೆ ಹಿಂದೆ ಹೋಗು, ಗುರುವಾದರೆ ಎರಡು. ಶಾಲೆಯಲ್ಲಿ ಪ್ರಸ್ತಾರ ಹಾಕುವಾಗ ಇದನ್ನು ಯಾರಾದರೂ ಹೇಳಿದ್ದರೆ ನಾನು ಆ ಪೀರಿಯಡ್‌ನಲ್ಲಿ ನಿದ್ದೆ ಮಾಡುತ್ತಿರಲಿಲ್ಲವೇನೋ.

"ಅಕ್ಷರ ಮೂರಿದ್ದರೆ?" ಅಂದಳು. ಅ, ಬ, ಕ, ಉದ್ದ ಮೂರು, ಅಅ ಬರಬಾರದು. ಕೊನೆ ನೋಡುವ ದಾರಿಯಲ್ಲಿ ನನಗೆ 22 ಬಂತು. ಅವಳು ಕಳೆಯುವ ದಾರಿಯಲ್ಲಿ ಹೊರಟಳು. ಒಟ್ಟು 27. ಅಅ ಮೊದಲು ಬಂದರೆ ಮೂರು, ಕೊನೆಗೆ ಬಂದರೆ ಮೂರು, ಒಟ್ಟು ಆರು, ಉತ್ತರ 21. ನಾನು ಬಾಯಿ ಬಿಡಲಿಲ್ಲ. ಅವಳು ಆರನ್ನೂ ಒಂದರ ಕೆಳಗೊಂದು ಬರೆದಳು, ಎರಡು ಕಡೆ ಬಂದಿದ್ದ ಅಅಅ ಸುತ್ತ ಗೋಲ ಹಾಕಿದಳು, ನನ್ನ ಮುಖ ನೋಡಿ "ಥೂ, ಮತ್ತೆ ಇದೇ" ಅಂತ 21 ಹೊಡೆದುಹಾಕಿ 22 ಬರೆದಳು.